ಸಂಜೆ ಹೊತ್ತು ಬೀಳುವ ಸ್ವಿಚ್ಚು

ಬೀದಿಯಲ್ಲಿ ಎಲ್ಲರೂ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಮೂಗಿನ ಮೇಲಿದ್ದ ದಪ್ಪ ಗಾಜು ಅದಕ್ಕೆ ಅರ್ಧ ಕಾರಣ. ಪೇಟೆಯ ಕನ್ನಡಕದ ಅಂಗಡಿಯಲ್ಲಿ, ಪರದೆಯ ಹಿಂದೆ, ಗಾಜನ್ನು ಫ್ರೇಮಿಗೆ ತಕ್ಕಂತೆ ಉಜ್ಜಿ ಕೂರಿಸುವುದು ಅವಳ ಕೆಲಸ, ಅದು ಉಳಿದರ್ಧ. ತಿರುಗುವ ಕಲ್ಲಿಗೆ ಗಾಜಿನ ಅಂಚನ್ನು ಒಡ್ಡಬೇಕು, ಕೂದಲೆಳೆಯಷ್ಟು ಸವೆಸಬೇಕು, ಬೆಳಕಿಗೆ ಹಿಡಿದು ನೋಡಬೇಕು, ಮತ್ತೆ ಒಡ್ಡಬೇಕು. ಹೆಚ್ಚು ಸವೆದರೆ ಗಾಜು ಫ್ರೇಮಿನೊಳಗೆ ಲೊಡಲೊಡ ಅನ್ನುತ್ತದೆ. ಕಡಿಮೆಯಾದರೆ ಒತ್ತಿ ಕೂರಿಸುವಾಗ ಟಿಕ್ಕೆಂದು ಸೀಳುತ್ತದೆ. ಎಷ್ಟೋ ಜನ ತಮ್ಮ ಮಕ್ಕಳ ಮುಖವನ್ನು ಸರಿಯಾಗಿ ನೋಡಿದ್ದು ಅವಳ ಬೆರಳು ದಾಟಿ ಬಂದ ಗಾಜಿನಲ್ಲಿ. ಅವರು ಅವಳನ್ನು ನೋಡಿರಲಿಲ್ಲ, ಪರದೆ ಅಡ್ಡವಿತ್ತು.

ಅದು ನಿಂತು ಮಾಡುವ ಕೆಲಸ. ಅಂಗಡಿಯ ಕುರ್ಚಿಗಳೆಲ್ಲ ಗಿರಾಕಿಗಳಿಗೆ. ಸಂಜೆ ಬಸ್ಸಿನಲ್ಲೂ ನಿಲ್ಲುವುದೇ. ಮನೆಗೆ ಬಂದು ಚೀಲ ನೇತುಹಾಕಿದರೆ ಒಲೆಯ ಮುಂದೆ ನಿಲ್ಲುವುದು. ಕೂತುಕೋ ಎಂದು ಹೇಳುವವರು ಇರಲಿಲ್ಲ ಅಂತಲ್ಲ. ಅವಳ ಗಂಡ ಶಾಲೆಯೊಂದರಲ್ಲಿ ಆಟದ ಮೇಷ್ಟ್ರು, ಮನಸ್ಸು ಒಳ್ಳೆಯದು, ಗಂಟಲು ದೊಡ್ಡದು. "ಸ್ವಲ್ಪ ಕೂತ್ಕೊಳ್ಳೇ, ಯಾವಾಗ ನೋಡಿದ್ರೂ ಕುದುರೆ ಥರ ನಿಂತೇ ಇರ್ತೀಯ" ಎಂದು ಹಾಲಿನಿಂದ ಕೂಗುತ್ತಿದ್ದರು. ಕೂಗಿ, ಅದೇ ಉಸಿರಿನಲ್ಲಿ, "ಊಟಕ್ಕೆ ಇನ್ನೆಷ್ಟು ಹೊತ್ತು?" ಎಂದು ಕೇಳುತ್ತಿದ್ದರು.

ಅವಳಿಗೆ ಒಂದು ಚಟವಿತ್ತು. ಸಂಜೆಯ ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಕನ್ನಡಕ ತೆಗೆದು ರವಿಕೆಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಆಗ ಬೀದಿದೀಪಗಳೆಲ್ಲ ಬಿಚ್ಚಿಕೊಂಡು ಹೂವಾಗುತ್ತಿದ್ದವು. ಎದುರಿನಿಂದ ಬರುವ ಗಾಡಿಗಳು ಎರಡೆರಡು ಹಳದಿ ಚೆಂಡುಗಳಾಗಿ ತೇಲಿ ಬಂದು, ಒಂದರೊಳಗೊಂದು ಕರಗಿ, ಕಿಟಕಿಯ ಅಂಚಿನಲ್ಲಿ ಇಲ್ಲವಾಗುತ್ತಿದ್ದವು. ಜನರ ಮುಖಗಳು ನೀರೊಳಗಿನ ಕಲ್ಲುಗಳ ಹಾಗೆ. ದಿನವಿಡೀ ಊರಿಗೆಲ್ಲ ಸ್ಪಷ್ಟವಾಗಿ ಕಾಣಿಸುವ ಕೆಲಸ ಮಾಡಿದವಳಿಗೆ, ಆ ಸ್ವಲ್ಪ ಹೊತ್ತು ಏನೂ ಸ್ಪಷ್ಟವಾಗಿ ಕಾಣದೆ ಇರುವುದೇ ಒಂದು ಸುಖ. ತನ್ನ ನಿಲ್ದಾಣ ದಾಟಿ ಮುಂದೆ ಹೋಗಿ ವಾಪಸು ನಡೆದು ಬಂದದ್ದೂ ಉಂಟು. ಮನೆಯಲ್ಲಿ ಬಸ್ಸು ಲೇಟು ಎನ್ನುತ್ತಿದ್ದಳು.

ಓವನ್ನಿನ ಆಸೆ ಹುಟ್ಟಿದ್ದು ಅಂಗಡಿಯ ಜೊತೆಗಾತಿಯೊಬ್ಬಳ ಮನೆಯಲ್ಲಿ. ಜೊತೆಗಾತಿ ತರಕಾರಿ ಹೋಳುಗಳನ್ನು ತಟ್ಟೆಗೆ ಹರವಿ, ಎಣ್ಣೆ ಉಪ್ಪು ಸವರಿ, ಓವನ್ನಿನೊಳಗೆ ತಳ್ಳಿ ಬಾಗಿಲು ಮುಚ್ಚಿದಳು. ಆಮೇಲೆ ಕೈ ಒರೆಸಿಕೊಂಡು ಬಂದು, ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತಳು. ಕೂತೇ ಇದ್ದಳು. ಏಳಲಿಲ್ಲ, ಸೌಟು ಆಡಿಸಲಿಲ್ಲ, ಉಕ್ಕುತ್ತದೆಯೇ ಎಂದು ಇಣುಕಲಿಲ್ಲ. ಕನ್ನಡಕದಕ್ಕನಿಗೆ ಅವತ್ತಿನ ಮಾತುಕತೆ ಒಂದೂ ನೆನಪಿಲ್ಲ. ಅಡುಗೆ ನಡೆಯುತ್ತಿದೆ, ಅಡುಗೆ ಮಾಡುವವಳು ಕೂತಿದ್ದಾಳೆ. ಈ ಎರಡು ಸಂಗತಿಗಳು ಒಟ್ಟಿಗೆ ಒಂದು ಮನೆಯಲ್ಲಿ ಇರಬಹುದು ಎಂದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ತನ್ನ ಸಂಬಳದಲ್ಲೇ ಕೊಂಡಳು. ಅಡುಗೆಕಟ್ಟೆಯ ಕೆಳಗಿದ್ದ ಹಳೆಯ ಕಪಾಟು ತೆಗೆಸಿ ಅಲ್ಲಿ ಓವನ್ ಕೂರಿಸಿದರು. ಮುಂದೆ ಗಾಜಿನ ಬಾಗಿಲು, ಒಳಗೆ ಒಂದು ಪುಟ್ಟ ಹಳದಿ ದೀಪ, ಹಿಂದೆ ಬಿಸಿಗಾಳಿ ಬೀಸುವ ಫ್ಯಾನು. ಕೂರಿಸಿದವರು, "ಹದಿನೈದು ದಿನದೊಳಗೆ ಏನಾದ್ರೂ ತೊಂದರೆ ಬಂದ್ರೆ ವಾಪಸ್ ತಗೋತೀವಿ" ಎಂದು ಹೇಳಿ ಹೋದರು.

"ತೊಂದರೆ ಬಂದೇ ಬರುತ್ತೆ" ಎಂದರು ಅತ್ತೆ, ಬಾಗಿಲಲ್ಲಿ ನಿಂತು. ಅತ್ತೆ ಟೆಲಿಫೋನ್ ಕಚೇರಿಯಲ್ಲಿ ರಾತ್ರಿಪಾಳಿ ಮಾಡಿ ನಿವೃತ್ತರಾದವರು. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಹಿಂಬದಿಯ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡು ಇರುತ್ತಿದ್ದರು. ಯಾರಿಗೂ ಹೊರೆಯಾಗುತ್ತಿರಲಿಲ್ಲ. ಡಾಕ್ಟರು ಬೇಡವೆಂದರು ಅಂತ ಎಷ್ಟೋ ವರ್ಷದ ಹಿಂದೆ ಟೀ ಕೂಡ ಬಿಟ್ಟಿದ್ದರು. ಅತ್ತೆ ಬಿಟ್ಟಮೇಲೆ ಸೊಸೆ ಒಬ್ಬಳೇ ಅವರ ಎದುರಿಗೆ ಕುಡಿಯುವುದು ಹೇಗೆ ಎಂದು ಅವಳೂ ಬಿಟ್ಟಳು. ಮೇಷ್ಟ್ರು ಶಾಲೆಯಲ್ಲೇ ಕುಡಿದು ಬರುತ್ತಿದ್ದರು. ಹೀಗಾಗಿ ಆ ಮನೆಯಲ್ಲಿ ಸಂಜೆಯ ಟೀ ಎಂಬುದೇ ನಿಂತುಹೋಗಿತ್ತು.

ಮೊದಲ ಸಂಜೆ ಅವಳು ಬ್ರೆಡ್ಡಿನ ಹಿಟ್ಟು ಕಲಸಿದಳು. ತವರಿನಲ್ಲಿ ಹಿರಿಯ ಮಗಳಾಗಿ ಹಿಟ್ಟು ನಾದಿದ್ದ ಕೈ, ಮದುವೆಯಾದ ಮೇಲೂ ನಾದಿದ ಕೈ. ಅಚ್ಚಿಗೆ ಹಾಕಿ, ಉಬ್ಬಲು ಬಿಟ್ಟು, ಓವನ್ನಿನೊಳಗಿಟ್ಟು ಗುಂಡಿ ತಿರುಗಿಸಿದಳು. ಫ್ಯಾನು ಗುಂಯ್ ಎಂದಿತು. ಎತ್ತರದ ಡಬ್ಬ ಇಳಿಸಲು ಹತ್ತುವ ಸ್ಟೂಲನ್ನು ಎಳೆದುಕೊಂಡು ಓವನ್ನಿನ ಮುಂದೆ ಕೂತಳು. ಕನ್ನಡಕ ತೆಗೆದಳು.

ಒಳಗಿನ ದೀಪ ಮೆಲ್ಲಗೆ ಹರಡಿ ಒಂದು ಹಳದಿ ಕೊಳವಾಯಿತು. ಕೊಳದ ನಡುವೆ ಏನೋ ಉಬ್ಬುತ್ತಿತ್ತು, ದ್ವೀಪವೊಂದು ನೀರಿನಿಂದ ಏಳುವ ಹಾಗೆ. ಗಾಳಿಯ ಗುಂಯ್ಗಾಟ ದೂರದ ಸಮುದ್ರದ್ದಾಯಿತು. ಬೆಚ್ಚಗಿನ ಗೋಧಿಯ ವಾಸನೆ ಕಾಲಿನ ಬೆರಳುಗಳಿಂದ ಹತ್ತಿಕೊಂಡು ಬಂದು ಮಂಡಿಯಲ್ಲಿ ನಿಂತಿತು. ಇಷ್ಟೊಂದು ಹೊತ್ತು ತನ್ನ ಕೈಗಳು ತನ್ನ ಮಡಿಲಲ್ಲೇ ಇವೆಯಲ್ಲ ಎಂದು ಅವಳು ಅವುಗಳನ್ನೇ ನೋಡಿದಳು, ಯಾರೋ ಮರೆತು ಬಿಟ್ಟುಹೋದ ಜೋಡಿಯನ್ನು ನೋಡುವಂತೆ.

ಟಪ್ ಎಂದಿತು. ಮನೆಯೆಲ್ಲ ಮಬ್ಬಾಯಿತು. ಟೀವಿ, ಫ್ರಿಜ್ಜು, ಫ್ಯಾನು, ಅತ್ತೆಯ ರೇಡಿಯೋ, ಎಲ್ಲ ಒಟ್ಟಿಗೆ ನಿಂತವು.

"ಯಾರದು? ಏನ್ ಮಾಡಿದ್ರಿ?" ಎಂದು ಹಾಲಿನಿಂದ ಮೇಷ್ಟ್ರ ಗಂಟಲು ಎದ್ದಿತು. ಮೈದಾನದ ಆ ತುದಿಗೂ ಕೇಳುವ ಗಂಟಲು. ಬಾಗಿಲ ಮೇಲಿನ ಪೆಟ್ಟಿಗೆ ತೆರೆದು ನೋಡಿದರೆ ಇಡೀ ಮನೆಗೆ ಇದ್ದ ಒಂದೇ ದೊಡ್ಡ ಸ್ವಿಚ್ಚು, ಕರೆಂಟು ಸೋರಿದರೆ ಬೀಳುವಂಥದ್ದು, ತಲೆ ಕೆಳಗೆ ಹಾಕಿತ್ತು.

"ಲೋಡು ಜಾಸ್ತಿ ಆಯ್ತು. ಆ ರಾಕ್ಷಸನ್ನ ತಂದು ಕೂರಿಸಿದೀಯಲ್ಲ."

"ನಾನು ಅವತ್ತೇ ಹೇಳಿದ್ದೆ" ಎಂದು ಹಿಂಬದಿಯ ಕೋಣೆಯಿಂದ ಅತ್ತೆಯ ದನಿ ಬಂತು. ಅದರಲ್ಲಿ ಎಂದೂ ಇಲ್ಲದ ಸಿಟ್ಟಿತ್ತು. "ಹಾಳಾದ್ದು, ಒಂದು ನಿಮಿಷ ನೆಮ್ಮದಿ ಕೊಡಲ್ಲ."

ಸ್ವಿಚ್ಚು ಮೇಲೆತ್ತಿದರು. ಬ್ರೆಡ್ಡು ಬೆಂದಿತು, ಆದರೆ ನಡುವೆ ತಣ್ಣಗಾಗಿದ್ದರಿಂದ ಹೊಟ್ಟೆ ಕುಸಿದಿತ್ತು. ಮಾರನೆಯ ಸಂಜೆಯೂ ಟಪ್. ಅದರ ಮಾರನೆಯ ಸಂಜೆಯೂ.

ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದ. ಬಾಯಿಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು. ಅವನಿಗೆ ಬಿಡುವಿದ್ದದ್ದು ಮಧ್ಯಾಹ್ನ, ಹಾಗಾಗಿ ಅವಳು ಅಂಗಡಿಗೆ ಅರ್ಧ ದಿನ ರಜೆ ಹಾಕಿದಳು. ಓವನ್ ಹಚ್ಚಿ ಇಬ್ಬರೂ ಅದರ ಮುಂದೆ ಕಾದರು. ಓವನ್ ಹಸುವಿನಂತೆ ಸಾಧುವಾಗಿ ಓಡಿತು.

"ಏನೂ ಆಗಿಲ್ವಲ್ಲ ಅಕ್ಕಾ."

"ಸಂಜೆ ಆಗುತ್ತೆ."

"ಸಂಜೆ ಅಂದ್ರೆ ಕರೆಂಟ್‌ಗೆ ಗೊತ್ತಾಗುತ್ತಾ?" ಎಂದು ನಕ್ಕು, ಏನಾದರೂ ಮಾಡಿದ ಹಾಗಿರಲಿ ಅಂತ ಪ್ಲಗ್ಗಿನ ಸ್ಕ್ರೂಗಳನ್ನು ಬಿಗಿ ಮಾಡಿ, "ಇದೇ ಲೂಸಿತ್ತು, ನೂರಕ್ಕೆ ನೂರು ಇದೇ" ಎಂದು ಹೇಳಿ ಹೋದ. ಆ ಸಂಜೆ ಸ್ವಿಚ್ಚು ಇನ್ನೂ ಬೇಗ ಬಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಕಾರ್ಯಾಚರಣೆಗೆ ಇಳಿದರು. ಟೀಶರ್ಟು ಹಾಕಿಕೊಂಡರು. ಮನೆಯ ನಡುವೆ ನಿಂತು, "ಒಂದೊಂದಾಗಿ ಎಲ್ಲಾ ಹಾಕೋಣ. ಯಾವ್ದು ಓವನ್ ಜೊತೆ ಜಗಳ ಆಡುತ್ತೋ ಅದನ್ನ ಹಿಡಿಯೋಣ" ಎಂದರು. ಓವನ್ ಓಡುತ್ತಿತ್ತು. ಗೀಸರು ಹಾಕಿದರು, ಬೀಳಲಿಲ್ಲ. ಬಟ್ಟೆ ಒಗೆಯುವ ಮಷೀನು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಟೀವಿ. ಬೀಳಲಿಲ್ಲ. ಮನೆ ಕಾರ್ಖಾನೆಯ ಹಾಗೆ ಗುಡುಗುತ್ತಿತ್ತು.

"ಅಮ್ಮಾ, ನಿನ್ನ ರೂಮಲ್ಲಿ ಏನೇನಿದೆ?"

"ನನ್ನ ರೂಮಲ್ಲಿ ಏನಿರುತ್ತೋ. ಒಂದು ದೀಪ, ಒಂದು ರೇಡಿಯೋ, ಒಂದು ಮುದುಕಿ."

"ದೀಪ ಹಾಕು, ರೇಡಿಯೋ ಹಾಕು."

"ಮುದುಕಿನೂ ಹಾಕ್ಲಾ?"

ಮೇಷ್ಟ್ರು ಕೂಡ ನಕ್ಕರು. ಸ್ವಿಚ್ಚು ತಲೆಯೆತ್ತಿ ನಿಂತೇ ಇತ್ತು. ಅವತ್ತು ಸಂಜೆ, ಎಲ್ಲ ಆರಿಸಿ, ಓವನ್ ಒಂದನ್ನೇ ಹಚ್ಚಿ ಅವಳು ಕೂತಾಗ, ಟಪ್.

"ಇಷ್ಟೇ. ತೀರ್ಮಾನ ಆಯ್ತು" ಎಂದರು ಮೇಷ್ಟ್ರು. "ಅದಕ್ಕೆ ಹುಚ್ಚು. ಅಂಗಡಿಯವರಿಗೆ ಫೋನ್ ಮಾಡ್ತೀನಿ, ಬುಧವಾರ ಬೆಳಿಗ್ಗೆ ಗಾಡಿ ತರ್ತಾರೆ. ಬೇಕಿದ್ರೆ ಅದರ ಬದಲು ಹಾಲ್‌ಗೆ ಒಂದು ದೊಡ್ಡ ಟೀವಿ ತಗೊಳ್ಳೋಣ. ಎಲ್ಲರಿಗೂ ಆಗುತ್ತೆ."

ಅವಳು ಸ್ಟೂಲನ್ನು ಮೂಲೆಗೆ ತಳ್ಳಿದಳು. ಬ್ರೆಡ್ಡು ಬೇಕು ಎಂದಾದರೆ ವಾದ ಮಾಡಬಹುದಿತ್ತು, ಪೇಟೆಯಲ್ಲಿ ಸಿಗುತ್ತದೆ ಎಂಬ ಉತ್ತರವೂ ಸಿಗುತ್ತಿತ್ತು. ನನಗೆ ಕೂರಬೇಕು ಎಂದು ಹೇಳುವುದು ಹೇಗೆ? ಹೇಳಿದರೆ ಅವರು ತಟ್ಟನೆ ಎದ್ದು ತಮ್ಮ ಕುರ್ಚಿ ಕೊಡುವವರೇ. ಅವರು ಕೆಟ್ಟವರಲ್ಲ. ಆದರೆ ಆ ಕುರ್ಚಿಯಲ್ಲಿ ಅವಳು ಕೂತರೆ ಅನ್ನ ಒಲೆಯ ಮೇಲೆ ಸೀಯುತ್ತದೆ. ಸೀಯದೆ ಇರುವ ಅಡುಗೆಯ ಮುಂದೆ, ಏಳಬೇಕಾಗಿಲ್ಲದೆ, ತನ್ನ ಮನೆಯಲ್ಲೇ ಕೂತಿರುವ ಆ ಹೊತ್ತು, ಅಷ್ಟೇ ಅವಳು ಸಂಬಳ ಕೂಡಿಟ್ಟು ಕೊಂಡದ್ದು. ಅದನ್ನೇ ಗಾಡಿಯವರು ಎತ್ತಿಕೊಂಡು ಹೋಗುವುದಿತ್ತು.

ಮಂಗಳವಾರ ಮಧ್ಯಾಹ್ನದ ಮೇಲೆ ಅವಳು ಮತ್ತೆ ರಜೆ ಕೇಳಿದಳು. ಅಂಗಡಿಯ ಯಜಮಾನ, "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದ. "ಓವನ್‌ಗೆ" ಎಂದಳು. ಮೇಷ್ಟ್ರು ಹುಡುಗರನ್ನು ಪಂದ್ಯಕ್ಕೆ ಕರೆದುಕೊಂಡು ಬೇರೆ ಊರಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆ ಮತ್ತು ಅವಳು ಮಾತ್ರ. ಕೊನೆಯ ಸಲ ಒಂದು ಬ್ರೆಡ್ಡು ಬೇಯಿಸಿಬಿಡೋಣ, ಅರ್ಧಕ್ಕೆ ನಿಂತರೆ ನಿಲ್ಲಲಿ ಎಂದುಕೊಂಡು ಹಿಟ್ಟು ಕಲಸಿ ಉಬ್ಬಲು ಇಟ್ಟಳು. ಅದು ಉಬ್ಬುವ ಹೊತ್ತಿಗೆ ಸಂಜೆಯಾಯಿತು. ಒಳಗಿಟ್ಟು ಗುಂಡಿ ತಿರುಗಿಸಿ ಸ್ಟೂಲಿನ ಮೇಲೆ ಕೂತಳು.

ಹೊರಗೆ ಮೋಡ. ಅಡುಗೆಮನೆಯಲ್ಲಿ ಓವನ್ನಿನ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಕನ್ನಡಕ ಮಡಿಲಲ್ಲಿತ್ತು. ಹಳದಿ ಕೊಳ ಮತ್ತೆ ಹರಡಿತು. ಈ ಸಲ ಅವಳು ಅದರೊಳಗೆ ಇಳಿದೇಬಿಟ್ಟಳು. ನೀರು ಬೆಚ್ಚಗಿತ್ತು. ದಡದಲ್ಲಿ ಅವಳ ಅಮ್ಮ ಕೂತಿದ್ದಳು, ಏನೂ ಮಾಡದೆ, ಮಂಡಿಯ ಮೇಲೆ ಗಲ್ಲವಿಟ್ಟು. ಬದುಕಿದ್ದಾಗ ಅಮ್ಮ ಹಾಗೆ ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ. ಓವನ್ನಿನ ಬಾಗಿಲ ಗಾಜಿನಲ್ಲಿ, ಅವಳ ಬೆನ್ನ ಹಿಂದೆ ಅತ್ತೆಯ ಕೋಣೆಗೆ ಹೋಗುವ ಒಳ ಓಣಿಯ ಬಿಂಬವೂ ಬಿದ್ದಿತ್ತು. ಆ ಬಿಂಬದಲ್ಲಿ, ಅತ್ತೆಯ ಕೋಣೆಯ ಬಾಗಿಲ ಸಂದಿನಿಂದ, ಬಿಳಿಯ ಹೊಗೆಯಂಥ ಒಂದು ಎಳೆ ಮೆಲ್ಲಗೆ ಹೊರಬಂದು, ಬಳುಕಿ, ಕರಗಿತು. ಕನಸಿನದೇ ಇರಬೇಕು ಎಂದುಕೊಂಡಳು.

ಟಪ್.

ಕೂಗುವ ಗಂಟಲು ಮನೆಯಲ್ಲಿರಲಿಲ್ಲ. ಗಾಳಿಯ ಗುಂಯ್ ನಿಂತಿತು, ರೇಡಿಯೋ ನಿಂತಿತು. ಆ ಮೌನದಲ್ಲಿ ಒಂದು ಸದ್ದು ಮಾತ್ರ ಉಳಿದಿತ್ತು. ಗುಳುಗುಳು, ಗುಳುಗುಳು. ನಿಧಾನವಾಗುತ್ತ, ಇಳಿಯುತ್ತ, ಕೊನೆಗೆ ಒಂದೊಂದೇ ಗುಳ್ಳೆ. ಎಲ್ಲೋ ನೀರು ಕುದಿಯುತ್ತಿತ್ತು. ಕುದಿಯುವುದನ್ನು ಈಗಷ್ಟೇ ನಿಲ್ಲಿಸಿತ್ತು.

ಅವಳು ಕನ್ನಡಕ ಹಾಕಿಕೊಂಡು ಓಣಿ ದಾಟಿ ಹೋಗಿ ಅತ್ತೆಯ ಬಾಗಿಲು ತಳ್ಳಿದಳು.

ಅತ್ತೆ ಮಂಚದ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಬಟ್ಟೆಯ ಕಪಾಟು ತೆರೆದಿತ್ತು. ಕೆಳಗಿನ ಅರೆಯಲ್ಲಿ, ಮಡಚಿಟ್ಟ ಹೊದಿಕೆಗಳ ನಡುವೆ, ಸೊಟ್ಟ ಮೂತಿಯ ಹಳೆಯದೊಂದು ಕರೆಂಟಿನ ಕೆಟಲ್ ಹಬೆಯಾಡುತ್ತಿತ್ತು. ಅದರ ವಯರು ಕಪಾಟಿನ ಹಿಂದಿನಿಂದ ಗೋಡೆಗೆ ಹೋಗಿತ್ತು. ಪಕ್ಕದಲ್ಲಿ ಟೀಪುಡಿಯ ಡಬ್ಬಿ, ಸಕ್ಕರೆ, ಒಂದೇ ಒಂದು ಲೋಟ.

ಇಬ್ಬರೂ ಸ್ವಲ್ಪ ಹೊತ್ತು ಕೆಟಲನ್ನೇ ನೋಡಿದರು.

"ಡಾಕ್ಟರು?" ಎಂದಳು ಅವಳು.

"ಯಾವ ಡಾಕ್ಟರು?"

"ಟೀ ಬೇಡ ಅಂದೋರು."

"ಓ, ಅವರು" ಎಂದರು ಅತ್ತೆ. "ಅವರು ಏನೂ ಅನ್ನಲಿಲ್ಲ ಕಣೇ. ಪಾಪದ ಮನುಷ್ಯ."

"ಅಂದ್ರೆ ಇಷ್ಟು ವರ್ಷ ನೀವು ಟೀ ಕುಡೀತಾನೇ ಇದ್ರಾ?"

"ದಿನಾ."

"ಅತ್ತೆ, ನೀವು ಬಿಟ್ರಿ ಅಂತ ನಾನು ಬಿಟ್ಟೆ!"

"ನೀನು ಯಾಕೆ ಬಿಟ್ಟೆ? ನಿಂಗೆ ಇಷ್ಟ ಇಲ್ಲ ಅನ್ಕೊಂಡೆ ನಾನು. ಇವಳೆಂಥ ಹುಡುಗಿ, ಟೀ ಇಲ್ಲದೆ ಹೆಂಗೆ ಬದುಕ್ತಾಳೆ ಅಂತ ಎಷ್ಟು ಸಲ ಯೋಚ್ನೆ ಮಾಡಿದೀನಿ."

ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬರುವ ಹಾಗಾಯಿತು. ನೆಲದ ಮೇಲೆ ಕೂತುಬಿಟ್ಟಳು. "ಕೇಳಿದ್ರೆ ಮಾಡಿಕೊಡ್ತಿರಲಿಲ್ವಾ ನಾನು?"

"ನೀನು ಮಾಡಿಕೊಡ್ತಿದ್ದೆ. ಅದೇ ತೊಂದರೆ." ಅತ್ತೆ ಮಂಚದ ಹೊದಿಕೆಯ ಸುಕ್ಕು ಬಿಡಿಸಿದರು. "ಒಂದಿನ ಕೇಳಿದ್ದೆ. ನೀನು ಕೆಲಸದಿಂದ ಬಂದೋಳು ಚೀಲನೂ ಇಳಿಸದೆ ಒಲೆ ಹಚ್ಚಿದೆ. ನೀರು ಕಾಯೋವರೆಗೂ ಗೋಡೆಗೆ ಹಣೆ ಆನಿಸಿಕೊಂಡು ನಿಂತಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಟೀ ಗಂಟಲಲ್ಲಿ ಇಳೀಲಿಲ್ಲ ನೋಡು. ಆಮೇಲೆ ಪೆಟ್ಟಿಗೆಯಿಂದ ಇದನ್ನ ತೆಗೆದೆ. ರಾತ್ರಿಪಾಳೀಲಿ ನನ್ನ ಮೇಜಿನ ಕೆಳಗೆ ಇರ್ತಿತ್ತು. ಊರೆಲ್ಲ ಮಲಗಿರೋವಾಗ ನಾನು ಒಬ್ಬಳೇ ಕಾಯಿಸ್ಕೊಂಡು ಕುಡೀತಿದ್ದೆ. ಯಾರಿಗೂ ಕೊಡಬೇಕಾಗಿರ್ಲಿಲ್ಲ, ಯಾರನ್ನೂ ಕೇಳಬೇಕಾಗಿರ್ಲಿಲ್ಲ."

"ಸಂಜೇನೇ ಯಾಕೆ? ಮಧ್ಯಾಹ್ನ ನಾನು ಮನೇಲೇ ಇರಲ್ಲ."

"ಮಧ್ಯಾಹ್ನದ್ದು ಟೀನಾ? ಟೀ ಅಂದ್ರೆ ಸಂಜೆ. ಮೊದಲೆಲ್ಲ ನೀನು ನಲ್ಲಿ ಬಿಡೋವಾಗ ಹಚ್ತಿದ್ದೆ, ಸದ್ದು ಕೇಳದ ಹಾಗೆ. ಈಗ ನಿನ್ನ ಈ ರಾಕ್ಷಸ ಗುಂಯ್ ಅನ್ನೋಕೆ ಶುರು ಮಾಡಿದ ತಕ್ಷಣ ಹಚ್ತೀನಿ. ಒಳ್ಳೇ ಮರೆ ಅನ್ಕೊಂಡಿದ್ದೆ. ಆದ್ರೆ ಹಾಳಾದ್ದು ನನ್ನ ನೀರು ಪೂರ್ತಿ ಕುದಿಯೋಕೇ ಬಿಡಲ್ಲ, ದೀಪ ತೆಗೆದುಬಿಡುತ್ತೆ. ಯಾರಾದ್ರೂ ಬಂದಾರು ಅಂತ ನಾನೂ ಇದನ್ನ ಆರಿಸಿ ಕಪಾಟು ಮುಚ್ಚಿಬಿಡ್ತೀನಿ. ಎಷ್ಟು ದಿನ ಆಯ್ತು ಗೊತ್ತಾ ನಾನು ಸರಿಯಾಗಿ ಒಂದು ಲೋಟ ಕುಡಿದು."

ಅವಳು ಮೆಲ್ಲಗೆ ಹೇಳಿದಳು: "ಅತ್ತೆ, ಅದು ನಿಮ್ಮ ಟೀ ಕೆಡಿಸ್ತಿಲ್ಲ. ನಿಮ್ಮ ಕೆಟಲೂ ನನ್ನ ಓವನ್ನೂ ಸೇರಿ ದೀಪ ತೆಗೀತಿವೆ."

ಅತ್ತೆ ಟೀಪುಡಿಯ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ಭಾನುವಾರ ಮಗ ಕೇಳಿದಾಗ ತಾವು ಹೇಳಿದ ಉತ್ತರ ಅವರಿಗೆ ಈಗ ನೆನಪಾಗಿರಬೇಕು. ಮುಖ ಸಣ್ಣದಾಯಿತು.

ಎಲೆಕ್ಟ್ರಿಷಿಯನ್ ಬಂದ. ಅವಳು ಫೋನಿನಲ್ಲಿ ಅವಸರಪಡಿಸಿದ್ದಕ್ಕೆ ಆ ಸಂಜೆಯೇ ಬಂದಿದ್ದ. ಈ ಸಲ ಬಾಯಲ್ಲಿ ಸ್ಕ್ರೂ ಇರಲಿಲ್ಲ, ಕೈಯಲ್ಲಿ ಒಂದು ಮೀಟರು ಇತ್ತು. "ಅವತ್ತೇ ತರಬೇಕಾಗಿತ್ತು, ಸೋಮಾರಿತನ ಮಾಡಿದೆ" ಎಂದ. ಓವನ್ನಿಗೆ ಹಿಡಿದ, ಕೆಟಲಿಗೆ ಹಿಡಿದ. ಕೆಟಲಿಗೆ ಹಿಡಿದಾಗ ಹುಬ್ಬೇರಿಸಿದ.

"ನೋಡಿ ಅಕ್ಕಾ, ಹೊಸ ಓವನ್ನಿನ ಕಾಯೋ ಕಂಬಿಯೊಳಗೆ ಗೋಡೌನಿನ ತೇವ ಕೂತಿದೆ. ಅದರಿಂದ ಒಂಚೂರು ಕರೆಂಟ್ ನೆಲಕ್ಕೆ ಸೋರುತ್ತೆ. ಅಜ್ಜಿ ಕೆಟಲ್ ತಳ ತುಕ್ಕು ಹಿಡಿದು ತಿಂದುಹೋಗಿದೆ, ಅದರಿಂದಲೂ ಸೋರುತ್ತೆ. ಒಂದೊಂದೇ ಆದ್ರೆ ಮೇಲಿನ ಸ್ವಿಚ್ಚು ತಡ್ಕೊಳ್ಳುತ್ತೆ. ಎರಡೂ ಒಟ್ಟಿಗೆ ಆದಾಗ ಅದಕ್ಕೆ ಸಾಕಾಗಿ ಬಿದ್ದುಬಿಡುತ್ತೆ. ಬೀಳೋದೇ ಅದರ ಕೆಲಸ. ಅಜ್ಜೀ, ಇದನ್ನ ಮುಟ್ಟಿದಾಗ ನಿಮಗೆ ಏನೂ ಅನ್ನಿಸ್ತಿರಲಿಲ್ವಾ?"

"ಕೈ ಜುಮ್ ಅನ್ನೋದು" ಎಂದರು ಅತ್ತೆ. "ವಯಸ್ಸಾಯ್ತಲ್ಲ, ಅದಕ್ಕೆ ಅನ್ಕೊಂಡೆ."

ಎಲೆಕ್ಟ್ರಿಷಿಯನ್ ನಗಲು ಹೋಗಿ ನಿಲ್ಲಿಸಿದ. ಕೆಟಲಿನ ವಯರನ್ನು ಅಲ್ಲೇ ಕತ್ತರಿಸಿ ಕೈಗೆ ಕೊಟ್ಟ. ಓವನ್ನನ್ನು ಖಾಲಿಯಾಗಿ, ಕಡಿಮೆ ಬಿಸಿಯಲ್ಲಿ, ತೇವ ಆರುವವರೆಗೆ ಓಡಿಸಬೇಕೆಂದ. ಗಾಜಿನ ಮೂಲೆಯಲ್ಲಿ ಮಂಜು ಕೂತು, ಮೆಲ್ಲಗೆ ಕುಗ್ಗಿ, ಮಾಯವಾಗುವುದನ್ನು ಮೂವರೂ ನೋಡುತ್ತ ನಿಂತರು. ಮತ್ತೆ ಮೀಟರು ಹಿಡಿದು, "ಈಗ ಬೀಳಲ್ಲ" ಎಂದ.

ಅವನು ಹೋದಮೇಲೆ ಅತ್ತೆ ಅವಳ ಕೈ ಹಿಡಿದರು. "ನನ್ನ ಮಗನಿಗೆ ಹೇಳಬೇಡ ಕಣೇ. ಕೆಟಲ್ ವಿಷಯ. ಗೊತ್ತಾದ್ರೆ ನನ್ನ ರೂಮಿನ ಪ್ಲಗ್ಗನ್ನೇ ತೆಗೆಸ್ತಾನೆ. ದಿನಾ ಬಂದು ಕಪಾಟು ನೋಡ್ತಾನೆ, ಅಮ್ಮಾ ಏನಾದ್ರೂ ಬೇಕಾ ಅಂತ ಕೂಗ್ತಾನೆ. ಬೇಕು ಅಂದ್ರೆ ನಿನ್ನ ಕರೀತಾನೆ. ನಾನು ನೀವೆಲ್ಲ ನೋಡ್ಕೋಬೇಕಾದ ಸಾಮಾನಾಗಿಬಿಡ್ತೀನಿ."

"ಆಯ್ತು, ಹೇಳಲ್ಲ" ಎಂದಳು. ಓವನ್ ಅಂಗಡಿಗೆ ಫೋನು ಮಾಡಿ ನಾಳೆ ಗಾಡಿ ಬೇಡವೆಂದಳು.

ಪಂದ್ಯ ಸೋತು ಬಂದ ಮೇಷ್ಟ್ರು ಬೂಟು ಬಿಚ್ಚುವ ಮೊದಲೇ ಅಡುಗೆಮನೆಯ ಗುಂಯ್ಗಾಟ ಕೇಳಿಸಿಕೊಂಡರು. "ಬೆಳಿಗ್ಗೆ ಗಾಡಿ ಬರುತ್ತೆ, ಇದನ್ನ ಯಾಕೆ ಹಚ್ಚಿದೀಯ?"

"ಗಾಡಿ ಬರಲ್ಲ. ಬೇಡ ಅಂದೆ."

"ಯಾರನ್ನ ಕೇಳಿ?"

ಅವಳು ಅಡುಗೆಕಟ್ಟೆ ಒರೆಸತೊಡಗಿದಳು.

"ರಿಪೇರಿ ಆಯ್ತಾ? ಏನಾಗಿತ್ತು?"

"ಆಯ್ತು."

"ಏನಾಗಿತ್ತು ಅಂತ ಕೇಳ್ತಿದೀನಿ. ಕಾರಣ ಇಲ್ಲದೆ ಕೆಟ್ಟು, ಕಾರಣ ಇಲ್ಲದೆ ಸರಿಹೋಗುತ್ತಾ? ನಾಳೆ ಮನೆಗೆ ಬೆಂಕಿ ಹತ್ತಿದ್ರೆ? ನೀನು ಕಾರಣ ಹೇಳಿದ್ರೆ ಇರ್ಲಿ. ಇಲ್ಲಾಂದ್ರೆ ನಾನೇ ಫೋನ್ ಮಾಡಿ ಗಾಡಿ ಕರೆಸ್ತೀನಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಅವಳು ಓವನ್ನಿನ ಹಳದಿ ಬೆಳಕನ್ನು ನೋಡಿದಳು. ಒಂದು ಮಾತು ಆಡಿದರೆ ಅದು ಉಳಿಯುತ್ತಿತ್ತು. "ಕರೆಸಿ ಹಾಗಾದ್ರೆ" ಎಂದಳು.

ಮೇಷ್ಟ್ರು ಫೋನು ಕೈಗೆತ್ತಿಕೊಂಡರು. ಆಗ ಓಣಿಯಲ್ಲಿ ಚಪ್ಪಲಿಯ ಸದ್ದಾಯಿತು. ಅತ್ತೆ ಬಂದು, ವಯರು ಕತ್ತರಿಸಿದ ಕೆಟಲನ್ನು ಅಡುಗೆಕಟ್ಟೆಯ ಮೇಲೆ ಟಣ್ ಎಂದು ಇಟ್ಟರು.

"ಫೋನ್ ಇಡೋ. ಕಾರಣ ಇದು. ನಾನು ಕದ್ದು ಟೀ ಮಾಡ್ತಿದ್ದೆ, ಇದರಲ್ಲಿ."

ಮೇಷ್ಟ್ರು ಕೆಟಲನ್ನೂ ಅಮ್ಮನನ್ನೂ ಹೆಂಡತಿಯನ್ನೂ ಒಂದು ಸುತ್ತು ನೋಡಿದರು. "ಅಮ್ಮಾ! ಕದ್ದು ಯಾಕೆ? ಹೇಳಿದ್ರೆ ಇವಳು ಮಾಡಿಕೊಡ್ತಿರಲಿಲ್ವಾ?"

"ನೋಡಿದೆಯಾ" ಎಂದರು ಅತ್ತೆ, ಸೊಸೆಯ ಕಡೆ ತಿರುಗಿ. ಆಮೇಲೆ ಮಗನಿಗೆ: "ಇವಳು ಮಾಡಿಕೊಡ್ತಿದ್ಲು ಅಂತಲೇ ಹೇಳಲಿಲ್ಲ. ನಾನು ಮಾಡಿಕೊಡ್ತಿದ್ದೆ ಅಂತ ನಿನ್ನ ಬಾಯಲ್ಲಿ ಬರುತ್ತೇನೋ ಅಂತ ಈಗಲೂ ಕಾದೆ. ಬರಲಿಲ್ಲ. ಇರ್ಲಿ. ನನಗೆ ಹೊಸ ಕೆಟಲ್ ಬೇಕು, ನನ್ನ ಪೆನ್ಷನ್ನಲ್ಲೇ ತಗೋತೀನಿ. ನನ್ನ ರೂಮಿನ ಕಿಟಕಿ ಹತ್ರ ಮೇಜಿನ ಮೇಲೆ ಇರುತ್ತೆ, ಕಪಾಟಲ್ಲಿ ಅಲ್ಲ. ನನ್ನ ಟೀ ನಾನೇ ಮಾಡ್ಕೋತೀನಿ. ಇವಳಿಗೂ ಬೇಕಾದ್ರೆ ಕೊಡ್ತೀನಿ. ಮತ್ತೆ ಇವಳ ಓವನ್ ಎಲ್ಲೂ ಹೋಗಲ್ಲ."

ಮೈದಾನದ ಆ ತುದಿಗೆ ಕೇಳುವ ಗಂಟಲು ತಗ್ಗಿತು. "ನಾನು ಬೇಡ ಅಂದ್ನಾ?" ಎಂದು ಗೊಣಗಿ, ಒಂದು ಬೂಟು ಮಾತ್ರ ಬಿಚ್ಚಿದ್ದ ಕಾಲಿನಲ್ಲೇ ಹಾಲಿಗೆ ನಡೆದರು.

ಹೊಸ ಕೆಟಲ್ ಬಂದ ಸಂಜೆ ಅತ್ತೆ ಎರಡು ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಬ್ರೆಡ್ಡು ಒಳಗಿತ್ತು, ಫ್ಯಾನು ಗುಂಯ್ ಎನ್ನುತ್ತಿತ್ತು, ದೀಪ ಉರಿಯುತ್ತಿತ್ತು. ಇಬ್ಬರೂ ಓವನ್ನಿನ ಮುಂದೆ ಕೂತು ಕುಡಿದರು. ಎಷ್ಟೋ ವರ್ಷದ ಮೇಲಿನ ಟೀ ಅವಳಿಗೆ ಮೊದಲು ಕಹಿಯೆನಿಸಿತು, ಆಮೇಲೆ ಮೈಯೆಲ್ಲ ಸಡಿಲವಾಯಿತು. ಲೋಟ ಕೆಳಗಿಟ್ಟು ಗೋಡೆಗೆ ಒರಗಿದಳು. ಗಾಜಿನಾಚೆ ಬ್ರೆಡ್ಡು ಉಬ್ಬುತ್ತ, ಬಣ್ಣ ತಿರುಗುತ್ತ, ದೂರ ಹೋಗುತ್ತಿತ್ತು. ಅದರ ಹಿಂದೆ ತಾನೂ ಹೋಗುತ್ತಿದ್ದಳು, ನಿಲ್ದಾಣ ಯಾವುದೆಂದು ನೋಡದೆ, ಯಾವ ಕಂಬವನ್ನೂ ಹಿಡಿಯದೆ.

ಅತ್ತೆ ಲೋಟಗಳನ್ನು ಸದ್ದಾಗದಂತೆ ತೆಗೆದಿಟ್ಟು ಬಾಗಿಲ ಬಳಿ ನಿಂತರು.

ಸ್ವಲ್ಪ ಹೊತ್ತಿಗೆ ಓವನ್ನಿನ ಗಂಟೆ ಟಿಣ್ ಟಿಣ್ ಎಂದಿತು. ಅವಳು ಏಳಲಿಲ್ಲ. ಬಾಯಿ ಚೂರು ತೆರೆದಿತ್ತು. ಗಂಟೆ ಮತ್ತೆ ಹೊಡೆಯಿತು.

"ಏಯ್, ಅದೇನೋ ಹೊಡ್ಕೋತಿದೆ" ಎಂದು ಮೇಷ್ಟ್ರು ಹಾಲಿನಿಂದ ಬಂದರು.

"ಶ್" ಎಂದರು ಅತ್ತೆ.

"ಸೀದುಹೋಗುತ್ತಮ್ಮಾ. ಎಬ್ಬಿಸು ಅವಳನ್ನ."

"ಎಬ್ಬಿಸಲ್ಲ. ನೀನು ಆರಿಸು."

"ಯಾವ ಗುಂಡಿ?"

"ನನಗೂ ಗೊತ್ತಿಲ್ಲ. ಕಣ್ಣಿದೆಯಲ್ಲ, ಹುಡುಕು."

ಮೇಷ್ಟ್ರು ಮಂಡಿಯೂರಿ ಓವನ್ನಿನ ಮುಂದೆ ಕೂತರು. ಒಂದು ಗುಂಡಿ ತಿರುಗಿಸಿದರೆ ದೀಪ ಆರಿತು. ಇನ್ನೊಂದು ತಿರುಗಿಸಿದರೆ ಫ್ಯಾನು ಜೋರಾಯಿತು. ಬಾಗಿಲು ಎಳೆದು ಮುಖಕ್ಕೆ ಬಿಸಿ ಹೊಡೆಸಿಕೊಂಡು ಹಿಂದೆ ಸರಿದರು. ಬಿಸಿ ಹಿಡಿಯುವ ಬಟ್ಟೆ ಎಲ್ಲಿರುತ್ತದೆಂದು ಆ ಮನೆಯಲ್ಲಿ ಇಷ್ಟು ವರ್ಷ ಇದ್ದೂ ತಿಳಿಯದೆ ಅಂಗಿಯ ತುದಿಯಲ್ಲಿ ಅಚ್ಚು ಹಿಡಿಯಲು ಹೋಗಿ ಉಸಿರು ಬಿಗಿ ಹಿಡಿದು ಕೈ ಕೊಡವಿದರು. ಕೊನೆಗೆ ಮೊಳೆಗೆ ನೇತುಬಿದ್ದಿದ್ದ ಬಟ್ಟೆ ಕಂಡಿತು. ಬ್ರೆಡ್ಡಿನ ಒಂದು ಬದಿ ಕಪ್ಪಗಾಗಿತ್ತು.

"ಸೀದಿದೆ" ಎಂದು ಪಿಸುಗುಟ್ಟಿದರು. ಮಗ ಹೀಗೆ ಪಿಸುಗುಟ್ಟಿದ್ದನ್ನು ಅವರ ಬಾಲ್ಯದ ನಂತರ ಅತ್ತೆ ಕೇಳಿರಲಿಲ್ಲ.

"ಕೆರೆದು ತಿನ್ನೋಣ" ಎಂದರು ಅತ್ತೆ. "ಬಾಗಿಲು ಮೆತ್ತಗೆ ಮುಚ್ಚು."